ಕಾಗೆಗೆ ಹಗಲು

ನನ್ನ ಬಳಿ ಸಲಹೆ ಕೇಳಿ ಬಂದ ಆಕೆಗೆ 31 ವರ್ಷ, ಖಾಸಗಿ ಶಾಲೆಯಲ್ಲಿ ಟೀಚರ್. ನಾಲ್ಕು ವರ್ಷದ ಮಗಳಿದ್ದಾಳೆ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ (ಟಿಇಟಿ) 150ಕ್ಕೆ 90 ಅಂಕ ಬೇಕಿತ್ತು. ಎರಡು ಸಲವೂ ಎಂಬತ್ತರ ಆಸುಪಾಸಿನಲ್ಲೇ ನಿಂತಿದ್ದರು.

"ನನಗೆ ಛಲ ಸಾಲದು ಮೇಡಂ" ಎಂದು ಕಣ್ಣೊರೆಸಿಕೊಂಡರು.

ಯಾವಾಗ ಓದುತ್ತೀರಿ ಎಂದು ಕೇಳಿದೆ. ರಾತ್ರಿ ಹತ್ತಕ್ಕೆ, ಪಾತ್ರೆ ತೊಳೆದ ಮೇಲೆ, ಟಿವಿ ಹಾಕಿರುವ ಹಾಲ್‌ನಲ್ಲಿ. ಹನ್ನೊಂದಕ್ಕೆಲ್ಲ ತೂಕಡಿಕೆ. ಓದಲು ಬಿಡುವುದಿಲ್ಲವೆಂದು ಅತ್ತೆಯ ಜೊತೆ ಮಾತು ಬಿಟ್ಟು ಎರಡು ತಿಂಗಳಾಗಿತ್ತು. "ಇದು ಯುದ್ಧ ಅಂದ್ಕೊಂಡೇ ಓದ್ತಿದ್ದೀನಿ" ಎಂದರು.

ಆ ಮಾತನ್ನೇ ಹಿಡಿದೆ. ಮೈಸೂರಿನಲ್ಲಿ ವಿದ್ವಾಂಸ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಓದಿ 1909ರಲ್ಲಿ ಅಚ್ಚು ಹಾಕಿಸಿದ, ರಾಜನೀತಿಯ ಹಳೆಯ ಗ್ರಂಥ, ಕೌಟಿಲ್ಯನ ಅರ್ಥಶಾಸ್ತ್ರ ನನಗೆ ತುಂಬ ಇಷ್ಟ. ದಂಡೆತ್ತುವ ಮುನ್ನ ರಾಜ ಶಕ್ತಿ, ಜಾಗ, ಹೊತ್ತು ಮೂರನ್ನೂ ತೂಗಬೇಕು ಎನ್ನುತ್ತದೆ ಅದು. ನೆಲದ ಮೇಲೆ ನಾಯಿ ಮೊಸಳೆಯನ್ನು ಎಳೆಯುತ್ತದೆ, ನೀರಿನಲ್ಲಿ ಮೊಸಳೆ ನಾಯಿಯನ್ನು. ಹಗಲು ಕಾಗೆ ಗೂಬೆಯನ್ನು ಕೊಲ್ಲುತ್ತದೆ, ರಾತ್ರಿ ಗೂಬೆ ಕಾಗೆಯನ್ನು. ಮೂರರಲ್ಲಿ ಯಾವುದು ದೊಡ್ಡದೆಂದು ಹಳೆಯ ಆಚಾರ್ಯರು ವಾದಿಸಿದರೆ, ಕೌಟಿಲ್ಯ ಮೂರೂ ಒಂದಕ್ಕೊಂದು ಆಸರೆ ಎನ್ನುತ್ತಾನೆ.

"ನೀವು ಬರೀ ಶಕ್ತಿಯನ್ನೇ ಬೈತಿದ್ದೀರಿ, ಅಲ್ವಾ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಳಿಗ್ಗೆ ಐದಕ್ಕೆ ತಲೆ ತಿಳಿಯಾಗಿರುತ್ತೆ" ಎಂದರು.

ಹಾಗಾಗಿ ಐದರಿಂದ ಆರೂವರೆ ಓದು, ರಾತ್ರಿ ನಿದ್ದೆ. ಸಂಜೆ ಶಾಲೆ ಬಿಟ್ಟ ಮೇಲೆ ಅಲ್ಲೇ ಸ್ಟಾಫ್ ರೂಮಿನಲ್ಲಿ ಒಂದು ಗಂಟೆ. ಆದರೆ ಆ ಒಂದು ಗಂಟೆ ಮಗುವನ್ನು ಯಾರು ನೋಡಬೇಕು? ಅತ್ತೆಯೇ.

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಮನೆಯೊಳಗೆ ಯುದ್ಧದ ಮಾತು ತರಬೇಡಿ. ಸಂಧಿಯಿಂದಲೂ ಜಗಳದಿಂದಲೂ ಸಿಗುವ ಲಾಭ ಒಂದೇ ಆದರೆ ಸಂಧಿಯನ್ನೇ ಆರಿಸು ಎಂದು ಕೌಟಿಲ್ಯನೇ ರಾಜನಿಗೆ ಹೇಳುತ್ತಾನೆ. ಜಗಳಕ್ಕೆ ನಷ್ಟ, ಖರ್ಚು ಜಾಸ್ತಿ. ನೀವಾಗಿಯೇ ಹೋಗಿ ಕೇಳಿ, ಬದಲಿಗೆ ಏನು ಮಾಡಿಕೊಡುತ್ತೀರಿ ಅನ್ನೋದನ್ನೂ ಹೇಳಿ.

ಕೇಳಿದರಂತೆ. "ಮಗೂನ ನನ್ನ ಹತ್ರ ಬಿಟ್ಟು ಹೋಗ್ತೀಯ, ಒಂದು ಮಾತು ಕೇಳಲ್ಲ" ಅನ್ನೋದಷ್ಟೇ ಅತ್ತೆಯ ಬೇಸರ. ಭಾನುವಾರದ ಅಡುಗೆ ಪೂರ್ತಿ ಸೊಸೆಯದು, ಸಂಜೆ ಮಗು ಅಜ್ಜಿಯ ಹತ್ತಿರ ಎಂದು ಒಪ್ಪಂದವಾಯಿತು.

ಮೂರನೇ ಭೇಟಿಗೆ ಮಾದರಿ ಪರೀಕ್ಷೆಯ ಉತ್ತರ ಹಾಳೆ ತಂದಿದ್ದರು. ಒಟ್ಟು 88. ಗಣಿತ ಇನ್ನೂ 30ಕ್ಕೆ 13ರಲ್ಲೇ ಇದೆ. ಬೆಳಗಿನ ಮೊದಲ ಅರ್ಧ ಗಂಟೆ ಅದಕ್ಕೇ ಇಡಿ ಎಂದಿದ್ದೇನೆ. ಮುಂದಿನ ಶನಿವಾರ ಮತ್ತೆ ಬರುತ್ತಾರೆ.