‘ಆಫ್ ಮೈಸ್ ಅಂಡ್ ಮೆನ್’ ಪ್ರಬಂಧ ಬರೀ ಕಥಾಸಾರ ಆಗುತ್ತಿದ್ದರೆ

ಜಾನ್ ಸ್ಟೈನ್‌ಬೆಕ್‌ನ ಈ ಕಾದಂಬರಿಯಲ್ಲಿನ ಒಂಟಿತನದ ಬಗ್ಗೆ ಬರೆಯಲು ಹೋಗಿ ಕಥೆಯನ್ನೇ ಹೇಳಿಬಿಡುತ್ತಿದ್ದೀರಿ ಅಂದರೆ, ಬಹುಶಃ ಜೊತೆಯಾಗಿ ಅಲೆಯುವ ಕೂಲಿಗಳಾದ ಜಾರ್ಜ್ ಮತ್ತು ಲೆನ್ನಿಯ ಹಿಂದೆಯೇ ಹೋಗುತ್ತಿದ್ದೀರಿ. ಅವರಿಬ್ಬರಿಗೆ ಒಬ್ಬರಿಗೊಬ್ಬರಾದರೂ ಇದ್ದಾರೆ. ಒಂಟಿತನ ಜಾಸ್ತಿ ಕಾಣುವುದು ಸುತ್ತಲಿನವರಲ್ಲಿ.

ಮೊದಲು ಅವರು ಕೆಲಸ ಮಾಡುವ ಜಮೀನಿನ ಕುದುರೆ ಲಾಯದ ಆಳು ಕ್ರುಕ್ಸ್‌ನನ್ನು ಹಿಡಿಯಿರಿ. ಕರಿಯ ಅನ್ನೋ ಕಾರಣಕ್ಕೆ ಅವನಿಗೆ ಉಳಿದ ಆಳುಗಳ ಜೊತೆ ಜಾಗವಿಲ್ಲ. ಕುದುರೆ ಸಾಮಾನು ಇಡುವ ಕೋಣೆಯಲ್ಲಿ ಪುಸ್ತಕ ಇಟ್ಟುಕೊಂಡು ಇರುತ್ತಾನೆ. ಲೆನ್ನಿ ಬಂದರೆ ಮೊದಲು ಗದರುತ್ತಾನೆ. ಆಮೇಲೆ ಜಾರ್ಜ್ ವಾಪಸ್ ಬರದೇ ಇದ್ದರೆ ಏನು ಮಾಡ್ತೀಯ ಅಂತ ಸುಮ್ನೆ ಹೆದರಿಸುತ್ತಾನೆ. ಸ್ವಲ್ಪ ಹೊತ್ತಿಗೆ ಜಾರ್ಜ್ ಮತ್ತು ಲೆನ್ನಿಯ ಸ್ವಂತ ಜಮೀನಿನ ಕನಸಿನಲ್ಲಿ ತನಗೂ ಜಾಗ ಕೇಳುತ್ತಾನೆ. ಯಜಮಾನನ ಮಗ ಕರ್ಲಿಯ ಹೆಂಡತಿ ಬೆದರಿಸಿದ ಮೇಲೆ ಅದನ್ನೂ ಬಿಟ್ಟುಕೊಡುತ್ತಾನೆ. ನೊಂದವನೂ ತನಗಿಂತ ದುರ್ಬಲ ಸಿಕ್ಕರೆ ನೋಯಿಸುತ್ತಾನೆ. ಮನುಷ್ಯ ಸ್ವಭಾವದ ಬಗ್ಗೆ ನಿಮಗೆ ಬೇಕಾದ ಮಾತು ಅಲ್ಲೇ ಇದೆ ಅಲ್ವಾ?

ಆಮೇಲೆ ವಯಸ್ಸಾದ ಆಳು ಕ್ಯಾಂಡಿ. ಅವನ ಮುದಿ ನಾಯಿಗೆ ಹೊರಗೆ ಗುಂಡು ಹಾರುವವರೆಗೆ ಮಂಚದ ಮೇಲೆ ಬಿದ್ದುಕೊಂಡು ಸೂರು ನೋಡುತ್ತಾನೆ. ಕೈ ಕಳೆದುಕೊಂಡ ತನಗೂ ಒಂದು ದಿನ ಇದೇ ಗತಿ ಅನ್ನೋ ಭಯ. ಕರ್ಲಿಯ ಹೆಂಡತಿಗಂತೂ ಹೆಸರೇ ಇಲ್ಲ. ಅಷ್ಟು ಹೇಳಿದರೆ ಸಾಕು.

ಪ್ರತಿ ಪ್ಯಾರಾವನ್ನೂ ಪಾತ್ರ ಮಾಡಿದ ಒಂದು ಕೆಲಸದಿಂದ ಶುರು ಮಾಡಿ, ಅದರ ಹಿಂದಿನ ಕೊರತೆ ಏನು ಅಂತ ಬರೆಯಿರಿ. ಕಾಲದ ವಿಷಯ ಆಮೇಲೆ ಬರಲಿ: ಪುಸ್ತಕ ಬಂದದ್ದು 1937ರಲ್ಲಿ, ಅಮೆರಿಕದ ಮಹಾ ಆರ್ಥಿಕ ಕುಸಿತದ ದಿನಗಳು, ಕ್ಯಾಲಿಫೋರ್ನಿಯಾದ ಅಲೆಮಾರಿ ಕೂಲಿಗಳು.

ಕೊನೆಯಲ್ಲಿ ಜಾರ್ಜ್ ತಾನೇ ಲೆನ್ನಿಗೆ ಗುಂಡು ಹಾರಿಸಿದ್ದು ದಯೆಯೋ ದ್ರೋಹವೋ, ನನಗೂ ಖಚಿತವಿಲ್ಲ. ನೀವು ಒಂದು ಪಕ್ಷ ಹಿಡಿದು ಅದನ್ನು ಕೊನೆಯ ಪ್ಯಾರಾಕ್ಕೆ ಇಟ್ಟುಕೊಳ್ಳಿ.