ಲೈಪ್‌ಜಿಗ್‌ನಲ್ಲಿದ್ದೇನೆ, ಬಾಖ್ ಕೇಳಲು ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ಇಷ್ಟು. ಮೈಸೂರಿನಿಂದ ಓದಲು ಜರ್ಮನಿಯ ಲೈಪ್‌ಜಿಗ್‌ಗೆ ಬಂದಿದ್ದೀರಿ. ಚಿಕ್ಕಂದಿನಲ್ಲಿ ವರ್ಣದವರೆಗೆ ಕರ್ನಾಟಕ ಸಂಗೀತ ಕಲಿತಿದ್ದೀರಿ. ಇಲ್ಲಿ ಎಲ್ಲಿ ನೋಡಿದರೂ ಬಾಖ್ ಪೋಸ್ಟರ್, 18ನೇ ಶತಮಾನದಲ್ಲಿ ಈ ಊರಲ್ಲಿದ್ದ ಸಂಗೀತ ರಚನಕಾರ. ಚರ್ಚುಗಳಲ್ಲಿ ನಡೆಯುವ ಬರೋಕ್ (ಬಾಖ್ ಕಾಲದ ಶೈಲಿಯ) ಗಾಯನ, ಆರ್ಗನ್ (ಕೊಳವೆಗಳ ದೊಡ್ಡ ಕೀಲಿವಾದ್ಯ) ಕಛೇರಿಗಳಿಗೆ ಹೋಗಬೇಕಾ, ಹೋದರೆ ಯಾವುದಕ್ಕೆ, ಏನಾದರೂ ತಲೆಗೆ ಹತ್ತುತ್ತದಾ ಅಂತ ಕೇಳಿದ್ದೀರಿ. ನಾನೂ ಇದೇ ಊರಲ್ಲಿ ಕೆಲಸ ಮಾಡಿಕೊಂಡಿರುವವನು. ಸಂಗೀತಗಾರನಲ್ಲ, ಬರೀ ಕೇಳುಗ.

ಖಂಡಿತ ಹೋಗಿ. ಆದರೆ ಜೂನ್ ತಿಂಗಳ ಬಾಖ್ ಉತ್ಸವಕ್ಕೆ ಕಾಯುತ್ತಾ ಕೂರಬೇಡಿ. ದೊಡ್ಡ ಟಿಕೆಟ್ಟೂ ಈಗಲೇ ಬೇಡ. ಈ ಶನಿವಾರ ಮಧ್ಯಾಹ್ನ 3 ಗಂಟೆಗೆ ಥಾಮಸ್ ಚರ್ಚಿಗೆ ಹೋಗಿ. ಅಲ್ಲಿ ವಾರವಾರ ನಡೆಯುವ ಕಾರ್ಯಕ್ರಮಕ್ಕೆ ಮೋಟೆಟ್ಟೆ ಅನ್ನುತ್ತಾರೆ. ಶುಕ್ರವಾರ ಸಂಜೆ 6ಕ್ಕೆ ಒಂದು, ಶನಿವಾರ ಇನ್ನೊಂದು. ಶುಕ್ರವಾರ ಹೆಚ್ಚಾಗಿ ಗಾಯನ ಮತ್ತು ಆರ್ಗನ್ ಮಾತ್ರ. ಶನಿವಾರ ಸಾಮಾನ್ಯವಾಗಿ ಬಾಖ್‌ನ ಒಂದು ಕ್ಯಾಂಟಾಟಾ (ವಾದ್ಯಗಳ ಜೊತೆ ಹಾಡುವ, ಹಲವು ಭಾಗಗಳ ಕೃತಿ) ಕೂಡ ಇರುತ್ತದೆ, ಈ ಊರಿನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾ ಸಮೇತ. ಬಾಗಿಲಲ್ಲಿ ಕಾರ್ಯಕ್ರಮದ ಪುಸ್ತಿಕೆ ಕೊಂಡರೆ ಅದೇ ಪ್ರವೇಶ. ಕೆಲವೇ ಯೂರೋ. ಇದೇ ಆರ್ಕೆಸ್ಟ್ರಾವನ್ನು ಅದರ ಸ್ವಂತ ಸಭಾಂಗಣದಲ್ಲಿ ಕೇಳಲು ಎಷ್ಟಾಗುತ್ತದೆ ಅಂತ ಒಮ್ಮೆ ನೋಡಿ, ಆಮೇಲೆ ಹೇಳಿ.

ಸೀಟು ಕಾದಿರಿಸುವ ಪದ್ಧತಿ ಇಲ್ಲ. ಮುಂಚೆ ಹೋದವರಿಗೆ ಒಳ್ಳೆ ಜಾಗ. ಹಾಡುವವರು ಪಶ್ಚಿಮದ ಕಡೆ ಮೇಲಿನ ಅಟ್ಟದಲ್ಲಿ ನಿಲ್ಲುತ್ತಾರೆ. ಕೆಳಗಿನ ಬಹುತೇಕ ಬೆಂಚುಗಳಿಂದ ಅವರು ಸರಿಯಾಗಿ ಕಾಣುವುದಿಲ್ಲ. ಕಾಣಬೇಕಾಗಿಯೂ ಇಲ್ಲ ಬಿಡಿ. ಇನ್ನೊಂದು ವಿಷಯ, ಇದು ಕಛೇರಿಯಲ್ಲ, ಪ್ರಾರ್ಥನೆ. ನಡುವೆ ಬೈಬಲ್ ಓದುತ್ತಾರೆ, ಪಾದ್ರಿ ನಾಲ್ಕು ಮಾತಾಡುತ್ತಾರೆ, ಬಂದವರೆಲ್ಲ ಸೇರಿ ಒಂದು ಹಾಡು ಹೇಳುತ್ತಾರೆ. ಚಪ್ಪಾಳೆ ಇಲ್ಲ. ಯಾರಾದರೂ ಪ್ರವಾಸಿ ತಟ್ಟಲು ಶುರು ಮಾಡಿದರೆ ಅಕ್ಕಪಕ್ಕದ ಅಜ್ಜಿಯರು ತಿರುಗಿ ನೋಡುವ ನೋಟ ಇದೆಯಲ್ಲ, ಅದನ್ನು ತಪ್ಪಿಸಿಕೊಳ್ಳಿ.

ಹಾಡುವುದು ಥಾಮಾನರ್ ಹುಡುಗರ ತಂಡ. 1212ರಿಂದ ನಡೆದು ಬಂದಿದೆ. 9ರಿಂದ 18 ವರ್ಷದವರೆಗಿನ ಸುಮಾರು ನೂರು ಹುಡುಗರು, ಹಾಸ್ಟೆಲಿನಲ್ಲೇ ಇದ್ದು ಓದಿಕೊಂಡು ಹಾಡುತ್ತಾರೆ. ಬಾಖ್ 1723ರಿಂದ 1750ರಲ್ಲಿ ಸಾಯುವವರೆಗೂ ಇದೇ ತಂಡದ ಕ್ಯಾಂಟರ್, ಅಂದರೆ ಮೇಷ್ಟ್ರು. ಈಗ ಆ ಕುರ್ಚಿಯಲ್ಲಿ ಇರುವವರು ಸ್ವಿಟ್ಜರ್‌ಲೆಂಡಿನ ಆಂಡ್ರಿಯಾಸ್ ರೈಟ್ಸೆ, 2021ರಿಂದ. ಶಾಲೆಗೆ ರಜೆ ಇದ್ದಾಗ ಈ ಹುಡುಗರು ಇರುವುದಿಲ್ಲ, ಬೇರೆ ತಂಡಗಳು ಬರುತ್ತವೆ. ಹೋಗುವ ಮುಂಚೆ ನಮ್ಮ ಸ್ಯಾಕ್ಸನಿ ರಾಜ್ಯದ ಶಾಲಾ ರಜೆಯ ಪಟ್ಟಿ ನೋಡಿಕೊಳ್ಳಿ.

ಈಗ ಅರ್ಥವಾಗುತ್ತದಾ ಅನ್ನುವ ಪ್ರಶ್ನೆ. ನಿಜವಾಗಿ ಉತ್ತರ ಕೊಡಬೇಕಾದದ್ದು ಇದಕ್ಕೇ.

ನಮ್ಮ ಸಂಗೀತ ಕೇಳಿ ಬೆಳೆದ ಕಿವಿಗೆ ಇಲ್ಲಿ ಮೊದಲು ಕೈಕೊಡುವುದು ಷಡ್ಜ. ತಂಬೂರಿ ಇಲ್ಲ. ಹಿಡಿದುಕೊಳ್ಳಲು ಒಂದು ಸ ಇಲ್ಲ. ಸಿಕ್ಕಿತು ಅನ್ನುವಷ್ಟರಲ್ಲಿ ಜಾರಿ ಬೇರೆ ಕಡೆ ಹೋಗಿರುತ್ತದೆ. ಜೊತೆಗೆ ನಾಲ್ಕು ಜನ ನಾಲ್ಕು ಥರ ಹಾಡುತ್ತಿರುತ್ತಾರೆ. ಇದಕ್ಕೆ ನನಗೆ ಗೊತ್ತಿರುವ ಒಂದೇ ಉಪಾಯ, ಒಂದು ಕೋರಾಲ್ ಮಟ್ಟನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಹೋಗುವುದು.

ಕೋರಾಲ್ ಅಂದರೆ ಚರ್ಚಿನಲ್ಲಿ ಸಭೆಯವರೆಲ್ಲ ಸೇರಿ ಹಾಡುವ ಸರಳ ದೇವರ ಹಾಡು. ಜನ ತಮ್ಮ ಭಾಷೆಯಲ್ಲೇ ಹಾಡಲಿ ಅಂತ ಪ್ರೊಟೆಸ್ಟೆಂಟ್ ಸುಧಾರಣೆಯ ಲೂಥರ್ 16ನೇ ಶತಮಾನದಲ್ಲಿ ಇದಕ್ಕೆ ಒತ್ತು ಕೊಟ್ಟ. ಬಾಖ್ ಕಾಲದ ಲೈಪ್‌ಜಿಗ್‌ನಲ್ಲಿ ಬೆಂಚಿನ ಮೇಲೆ ಕೂತ ಪ್ರತಿಯೊಬ್ಬರಿಗೂ ಈ ಮಟ್ಟುಗಳು ಗೊತ್ತಿದ್ದವು. ಬಾಖ್ ಅದನ್ನೇ ನಂಬಿ ಬರೆದ. ಒಂದು ದನಿ ಮಟ್ಟನ್ನು ನಿಧಾನವಾಗಿ ಎಳೆಯುತ್ತದೆ, ಉಳಿದ ದನಿಗಳು ಅದರ ಸುತ್ತ ಓಡಾಡುತ್ತವೆ. ಮಟ್ಟು ಗೊತ್ತಿದ್ದವನಿಗೆ ದಾರಿ ಗೊತ್ತು. ಗೊತ್ತಿಲ್ಲದವನಿಗೆ ಬರೀ ಗದ್ದಲ. ಅಂದ ಹಾಗೆ ಈ ಮಟ್ಟುಗಳು ಕನ್ನಡಕ್ಕೆ ಹೊಸವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಕೋರಾಲ್ ಮಟ್ಟುಗಳಿಗೆ ಕನ್ನಡ ಪದ ಹೊಂದಿಸಿದರು. ಕರಾವಳಿಯ ಪ್ರೊಟೆಸ್ಟೆಂಟ್ ಮನೆಯ ಗೆಳೆಯರು ಯಾರಾದರೂ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ. ನಿಮಗಿಂತ ಮುಂಚೆ ಅವರು ಗುನುಗಲು ಶುರು ಮಾಡಿದರೆ ಆಶ್ಚರ್ಯವಿಲ್ಲ.

ಯಾವ ಮಟ್ಟು ಕಲಿಯಲಿ ಅಂತ ಕೇಳಿದರೆ, ‘ಓ ಹೌಪ್ಟ್ ಫೋಲ್ ಬ್ಲೂಟ್ ಉಂಡ್ ವುಂಡೆನ್’. ಮೂಲದಲ್ಲಿ ಇದು ಭಕ್ತಿಯ ಹಾಡೇ ಅಲ್ಲ. ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಅಚ್ಚು ಹಾಕಿಸಿದ ಪ್ರೇಮಗೀತೆ. ಆಮೇಲೆ ಚರ್ಚಿಗೆ ಸೇರಿತು. 1656ರಲ್ಲಿ ಪಾಲ್ ಗೆರ್‌ಹಾರ್ಟ್ ಇದಕ್ಕೆ ಶಿಲುಬೆಗೇರಿದ ಯೇಸುವಿನ ಗಾಯಗೊಂಡ ತಲೆಯ ಕುರಿತ ಪದ ಬರೆದ. ಮೊದಲ ಸಾಲಿಗೆ ಏಳೇ ಸ್ವರ. ನಟಭೈರವಿ ರಾಗದ ಸ್ವರಸ್ಥಾನ ಇಟ್ಟುಕೊಂಡು ‘ಪ ಸ ನಿ ದ ಪ ಮ ಪ’ ಅಂತ ಹಾಡಿ, ಸ ಮೇಲಿನದು. ಗಮಕ ಬೇಡ, ನೇರವಾಗಿ ನಿಲ್ಲಿಸಿ. ಬಂತಾ? ಈಗ ಅದೇ ಶ್ರುತಿಯ ಜಾಗ ಕದಲಿಸದೆ, ಶಂಕರಾಭರಣ ಅಂದುಕೊಂಡು ‘ಗ ದ ಪ ಮ ಗ ರಿ ಗ’ ಅನ್ನಿ. ಕೇಳುವುದಕ್ಕೆ ಎರಡೂ ಒಂದೇ. ಬದಲಾದದ್ದು ಸ ಎಲ್ಲಿದೆ ಅನ್ನುವುದು ಮಾತ್ರ. ನಾವು ಇದಕ್ಕೆ ಗ್ರಹಭೇದ ಅನ್ನುತ್ತೇವೆ, ಅಪರೂಪಕ್ಕೆ ವಿದ್ವಾಂಸರು ಕಛೇರಿಯಲ್ಲಿ ಮಾಡಿ ತೋರಿಸುತ್ತಾರೆ. ಬಾಖ್ ಇದನ್ನು ದಿನನಿತ್ಯದ ಕೆಲಸ ಮಾಡಿಕೊಂಡಿದ್ದ. ಮೇಲೆ ಮಟ್ಟು ಹಾಗೇ ಇರುತ್ತದೆ, ಕೆಳಗಿನ ದನಿಗಳು ಷಡ್ಜವನ್ನು ಎತ್ತಿ ಬೇರೆ ಕಡೆ ಇಡುತ್ತವೆ.

ಪ್ಯಾಶನ್ ಅಂದರೆ ಯೇಸುವಿನ ಯಾತನೆ, ಸಾವಿನ ಕಥೆಯನ್ನು ಹಾಡಿ ಹೇಳುವ ದೊಡ್ಡ ಕೃತಿ. ಬಾಖ್‌ನ ಮತ್ತಾಯನ ಸುವಾರ್ತೆಯ ಪ್ಯಾಶನ್‌ನಲ್ಲಿ ಈ ಮಟ್ಟು ಐದು ಸಲ ಬರುತ್ತದೆ. ಮೊದಲು ಬಂದಾಗ ಅದು ಶಂಕರಾಭರಣದ ಕಡೆಗಿದೆ, ಸಮಾಧಾನವಾಗಿದೆ. ಕೊನೆಯ ಸಲ ಯೇಸು ಪ್ರಾಣ ಬಿಟ್ಟ ಮರುಕ್ಷಣ ಬರುತ್ತದೆ. ಆಗ ಕೆಳಗಿನ ನೆಲ ಪೂರ್ತಿ ಬೇರೆ. ಮಟ್ಟು ಗೊತ್ತಿಲ್ಲದವರಿಗೆ ಐದು ಹಾಡು ಕೇಳಿದ ಹಾಗಾಗುತ್ತದೆ. ಗೊತ್ತಿದ್ದವರಿಗೆ ಐದನೆಯದು ಬರುವಾಗ ಸುಮ್ನೆ ಕೂರಲಾಗುವುದಿಲ್ಲ.

ಇನ್ನೂ ಮಜಾ ಇರುವುದು ಕ್ರಿಸ್‌ಮಸ್ ಒರಾಟೋರಿಯೊದಲ್ಲಿ. 1734ರ ಡಿಸೆಂಬರ್ 25ರಿಂದ ಜನವರಿ 6ರವರೆಗೆ, ಆರು ಹಬ್ಬದ ದಿನಗಳಿಗೆ ಆರು ಭಾಗ ಅಂತ ಬಾಖ್ ಹಂಚಿ ನಡೆಸಿದ, ಯೇಸು ಹುಟ್ಟಿದ ಕಥೆಯನ್ನು ಹಾಡಿ ಹೇಳುವ ಕೃತಿ. ಹುಟ್ಟಿದ ಹಬ್ಬದ ಸಂಗೀತದಲ್ಲಿ ಬರುವ ಮೊಟ್ಟಮೊದಲ ಕೋರಾಲ್ ಯಾವ ಮಟ್ಟಿನಲ್ಲಿದೆ ಗೊತ್ತಾ? ಇದೇ. ಆರನೇ ಭಾಗದ ಕೊನೆಯ ಹಾಡೂ ಇದೇ, ಆದರೆ ಅಲ್ಲಿ ತುತ್ತೂರಿ, ನಗಾರಿಗಳ ಜೊತೆ, ಶಂಕರಾಭರಣದ ಬೆಳಕಿನಲ್ಲಿ. ತೊಟ್ಟಿಲ ಪಕ್ಕದಲ್ಲೇ ಶಿಲುಬೆ ತೋರಿಸಲು ಹೀಗೆ ಮಾಡಿದನಾ, ಇಲ್ಲ ಒಂದು ಒಳ್ಳೆ ಮಟ್ಟು ಕೈಗೆ ಸಿಕ್ಕಿತು ಅಂತ ಬಳಸಿದನಾ ಅಂತ ಪಂಡಿತರು ಈಗಲೂ ವಾದ ಮಾಡುತ್ತಾರೆ. ಬಾಖ್ ಇಂಥದ್ದರಲ್ಲಿ ಬಹಳ ವ್ಯವಹಾರಸ್ಥ ಅನ್ನುವುದು ಮರೆಯಬೇಡಿ. ಒರಾಟೋರಿಯೊದ ಮೊದಲ ಹಾಡೇ ಒಂದು ವರ್ಷದ ಹಿಂದೆ ಸ್ಯಾಕ್ಸನಿಯ ದೊರೆಯ ಹೆಂಡತಿಯ ಹುಟ್ಟುಹಬ್ಬಕ್ಕೆ ಬರೆದದ್ದು. ಪದ ಬದಲಿಸಿ ಯೇಸುವಿನ ಹುಟ್ಟುಹಬ್ಬಕ್ಕೆ ಇಟ್ಟ.

ನೀವು ಕಛೇರಿಗಳ ಸೀಸನ್ ಯಾವಾಗ ಅಂತಲೂ ಕೇಳಿದ್ದೀರಿ. ಇಲ್ಲಿನ ಸೀಸನ್ ಚರ್ಚಿನ ಪಂಚಾಂಗದ ಜೊತೆ ನಡೆಯುತ್ತದೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಒರಾಟೋರಿಯೊ, ಗುಡ್ ಫ್ರೈಡೇ ಹೊತ್ತಿಗೆ ಪ್ಯಾಶನ್, ಜೂನ್‌ನಲ್ಲಿ ಉತ್ಸವ, ಬೇಸಿಗೆ ತುಂಬಾ ಆರ್ಗನ್. ಆದರೆ ಬಾಖ್ ಕಾಲದಲ್ಲಿ ಇದಕ್ಕೆ ಇನ್ನೊಂದು ಮುಖ ಇತ್ತು, ಮೌನದ್ದು. ಅಡ್ವೆಂಟಿನ (ಕ್ರಿಸ್‌ಮಸ್‌ಗೆ ಕಾಯುವ ವಾರಗಳ) ಮೊದಲ ಭಾನುವಾರ ಕ್ಯಾಂಟಾಟಾ ಆದಮೇಲೆ ಕ್ರಿಸ್‌ಮಸ್‌ವರೆಗೂ ಲೈಪ್‌ಜಿಗ್‌ನ ಚರ್ಚುಗಳಲ್ಲಿ ವಾದ್ಯಮೇಳದ ಸಂಗೀತ ಬಂದ್. ಗುಡ್ ಫ್ರೈಡೇಗೆ ಮುಂಚಿನ ಉಪವಾಸದ ವಾರಗಳಲ್ಲೂ ಹಾಗೇ. ಮೂರು ವಾರ ಏನೂ ಕೇಳದ ಜನಕ್ಕೆ 25ರ ಬೆಳಿಗ್ಗೆ ನಗಾರಿಯಿಂದಲೇ ಶುರುವಾದರೆ ಹೇಗಿರಬೇಡ! ಈಗ ಡಿಸೆಂಬರ್ ಪೂರ್ತಿ ದಿನಕ್ಕೆರಡು ಕಛೇರಿ. ನನಗೇನೋ ಹಳೆಯ ಲೆಕ್ಕವೇ ಜಾಣತನದ್ದು ಅನ್ನಿಸುತ್ತದೆ.

ಪ್ಯಾಶನ್ ಬಗ್ಗೆ ಒಂದು ಸರ್ಕಾರಿ ಕಚೇರಿಯ ಜಗಳದಂಥ ಕಥೆ ಇದೆ. 1724ರ ಏಪ್ರಿಲ್ 7, ಗುಡ್ ಫ್ರೈಡೇ. ಯೋಹಾನನ ಪ್ಯಾಶನ್ ಮೊದಲ ಸಲ ನಡೆಯಬೇಕು. ಥಾಮಸ್ ಚರ್ಚಿನಲ್ಲಿ ಅಂತ ಬಾಖ್ ಪುಸ್ತಿಕೆ ಅಚ್ಚು ಹಾಕಿಸಿಬಿಟ್ಟಿದ್ದ. ಈ ವರ್ಷದ ಸರದಿ ಊರಿನ ಇನ್ನೊಂದು ಚರ್ಚು ನಿಕೊಲಾಯ್‌ನದು ಅಂತ ನಗರಸಭೆಯವರು ಪಟ್ಟು ಹಿಡಿದರು. ಅಲ್ಲಿ ಹಾಡುವವರಿಗೆ ಜಾಗ ಸಾಲದು, ಹಾರ್ಪ್ಸಿಕಾರ್ಡ್ ಅನ್ನುವ ಕೀಲಿವಾದ್ಯ ಕೂಡ ರಿಪೇರಿ ಆಗಬೇಕು ಅಂದ ಬಾಖ್. ಸರಿ, ಖರ್ಚು ನಮ್ಮದು, ಜಾಗ ಮಾತ್ರ ಅದೇ ಅಂದರು ಅವರು. ನಿಕೊಲಾಯ್ ಚರ್ಚಿನಲ್ಲೇ ನಡೆಯಿತು. ಸರ್ಕಾರಿ ಕಚೇರಿ ಸುತ್ತಿದ ಯಾರಿಗಾದರೂ ಬಾಖ್ ಮೇಲೆ ಪ್ರೀತಿ ಹುಟ್ಟಲು ಇಷ್ಟು ಸಾಕು.

ಇನ್ನು ಆರ್ಗನ್. ಬಾಖ್ ಲೈಪ್‌ಜಿಗ್‌ನಲ್ಲಿ ಪ್ರತಿ ವಾರ ಆರ್ಗನ್ ನುಡಿಸುತ್ತಿದ್ದ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಅವನ ಕೆಲಸವಾಗಿರಲಿಲ್ಲ, ಅದಕ್ಕೆ ಬೇರೆ ಆರ್ಗನಿಸ್ಟ್ ಇದ್ದರು. ಇಲ್ಲಿಗೆ ಬರುವ ಮುಂಚೆ ಆರ್ನ್‌ಸ್ಟಾಟ್, ಮ್ಯೂಲ್‌ಹೌಸನ್, ವೈಮಾರ್ ಊರುಗಳಲ್ಲಿ ಆರ್ಗನಿಸ್ಟ್ ಆಗಿದ್ದ. ವಾದ್ಯ ಪರೀಕ್ಷೆ ಮಾಡಲು ಮಾತ್ರ ಕೊನೆಯವರೆಗೂ ಊರೂರಿಗೆ ಕರೆಸುತ್ತಿದ್ದರು.

ಹಾರ್ಮೋನಿಯಂ ನೋಡಿದ್ದರೆ ತಿದಿಯ ಗಾಳಿಯ ತತ್ವ ನಿಮಗೆ ಗೊತ್ತು. ಆದರೆ ಆರ್ಗನ್‌ನಲ್ಲಿ ಬಹುಪಾಲು ಕೊಳವೆಗಳಲ್ಲಿ ಕೊಳಲಿನ ರೀತಿ ದನಿ ಹುಟ್ಟುತ್ತದೆ. ಕೀಲಿ ಜೋರಾಗಿ ಒತ್ತಿದರೂ ಮೆತ್ತಗೆ ಒತ್ತಿದರೂ ಸದ್ದು ಒಂದೇ. ದನಿಯ ಬಣ್ಣ ಬದಲಿಸಲು ಬೇರೆ ಸಾಲಿನ ಕೊಳವೆಗಳನ್ನು ತೆರೆಯಬೇಕು. ಪ್ರತಿ ಸಾಲಿಗೆ 8 ಅಡಿ, 16 ಅಡಿ, 32 ಅಡಿ ಅಂತ ಗುರುತು ಇರುತ್ತದೆ. ಅದು ಹೆಚ್ಚು ಕಡಿಮೆ ಆ ಸಾಲಿನ ಅತಿ ಕೆಳಗಿನ ಸ್ವರದ ಕೊಳವೆಯ ಉದ್ದ. ಉದ್ದ ಎರಡರಷ್ಟಾದರೆ ಒಂದು ಸ್ಥಾಯಿ ಕೆಳಗೆ. 32 ಅಡಿಯ ಕೊನೆಯ ಸ್ವರ ಸೆಕೆಂಡಿಗೆ ಸುಮಾರು 16 ಕಂಪನ, ಅದು ಕಿವಿಗಿಂತ ಜಾಸ್ತಿ ಬೆಂಚಿನಿಂದ ಗೊತ್ತಾಗುತ್ತದೆ. ಕಾಲಿನಿಂದ ನುಡಿಸುವ ಈ ಕೆಳದನಿಗೇ ಕಿವಿ ಕೊಡಿ. ಷಡ್ಜವನ್ನು ಆಚೀಚೆ ಮಾಡುವುದು ಹೆಚ್ಚಾಗಿ ಅದೇ.

ಥಾಮಸ್ ಚರ್ಚಿನಲ್ಲಿ ಎರಡು ಆರ್ಗನ್ ಇವೆ. 1889ರಲ್ಲಿ ಸೌವರ್ ಕಟ್ಟಿದ ದೊಡ್ಡದು, 2000ದಲ್ಲಿ ಬಾಖ್ ಸಂಗೀತಕ್ಕೆಂದೇ ಗೆರಾಲ್ಡ್ ವೋಲ್ ಕಟ್ಟಿದ ಇನ್ನೊಂದು. ಎರಡೂ ಬಾಖ್ ಮುಟ್ಟಿದವಲ್ಲ. ಅಂಥದ್ದು ಬೇಕಿದ್ದರೆ ರೈಲು ಹತ್ತಿ ನೌಮ್‌ಬುರ್ಗ್‌ಗೆ ಹೋಗಿ, ಹತ್ತಿರದ ಊರು. ಅಲ್ಲಿನ ವೆಂಟ್ಸೆಲ್ ಚರ್ಚಿನಲ್ಲಿ ಹಿಲ್ಡೆಬ್ರಾಂಟ್ ಕಟ್ಟಿದ ಆರ್ಗನ್ ಇದೆ. 1746ರ ಸೆಪ್ಟೆಂಬರಿನಲ್ಲಿ ಬಾಖ್ ಮತ್ತು ಹೆಸರಾಂತ ಆರ್ಗನ್ ತಯಾರಕ ಜಿಲ್ಬರ್‌ಮನ್ ಇಬ್ಬರೂ ಬಂದು ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟ ವಾದ್ಯ. ನನ್ನನ್ನು ಕೇಳಿದರೆ ಇಡೀ ಉತ್ಸವದ ಟಿಕೆಟ್ಟಿಗಿಂತ ಅಲ್ಲಿ ಅರ್ಧ ಗಂಟೆ ಕೂರುವುದು ಮೇಲು. ಬೇಸಿಗೆಯಲ್ಲಿ ಅಲ್ಲಿ ಸಣ್ಣ ಸಣ್ಣ ಕಛೇರಿಗಳು ನಡೆಯುತ್ತವೆ, ಚರ್ಚಿನವರ ಪಟ್ಟಿ ನೋಡಿ ಹೊರಡಿ.

ಉತ್ತರದ ಲ್ಯೂಬೆಕ್ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಚರ್ಚಿನ ಕಛೇರಿ ಸೀಸನ್ ಅನ್ನುವುದಕ್ಕೆ ಹಳೆಯ ಮಾದರಿ ಅಲ್ಲಿದೆ. 1668ರಿಂದ 1707ರವರೆಗೆ ಮರಿಯಾ ಚರ್ಚಿನ ಆರ್ಗನಿಸ್ಟ್ ಆಗಿದ್ದ ಸಂಗೀತ ರಚನಕಾರ ಬುಕ್ಸ್‌ಟೆಹೂಡೆ ಕ್ರಿಸ್‌ಮಸ್‌ಗೆ ಮುಂಚಿನ ಐದು ಭಾನುವಾರ ಸಂಜೆ ಸಂಗೀತ ಮಾಡಿಸುತ್ತಿದ್ದ. ಊರಿನ ವ್ಯಾಪಾರಿಗಳು ದುಡ್ಡು ಹಾಕುತ್ತಿದ್ದರು, ಕೇಳುವವರಿಗೆ ಪುಕ್ಕಟೆ. ಇದನ್ನು ಕೇಳಲು ಇಪ್ಪತ್ತರ ಹುಡುಗ ಬಾಖ್ 1705ರಲ್ಲಿ ಆರ್ನ್‌ಸ್ಟಾಟ್‌ನಿಂದ ಸುಮಾರು 400 ಕಿಲೋಮೀಟರ್ ನಡೆದು ಹೋದ. ನಾಲ್ಕು ವಾರ ರಜೆ ಕೇಳಿ ಹೋದವನು ವಾಪಸ್ ಬಂದದ್ದು ಸುಮಾರು ನಾಲ್ಕು ತಿಂಗಳ ಮೇಲೆ. ಕೆಲಸ ಹೋಗಲಿಲ್ಲ, ಬೈಗುಳ ಮಾತ್ರ ಸಿಕ್ಕಿತು.

ಕೊನೆಗೆ ದುಡ್ಡಿನ ವಿಷಯ. ದೊಡ್ಡ ಕಛೇರಿಗಳಲ್ಲಿ ಏನೂ ಕಾಣದ, ಬರೀ ಕೇಳುವ ಸೀಟುಗಳಿಗೆ ದರ ಕಡಿಮೆ. ವಿದ್ಯಾರ್ಥಿ ರಿಯಾಯಿತಿ ಇದೆಯಾ ಅಂತ ಪ್ರತಿ ಸಲ ಕೇಳಿ, ನಾಚಿಕೊಳ್ಳಬೇಡಿ. ಮತ್ತಾಯನ ಪ್ಯಾಶನ್ ಮೂರು ಗಂಟೆಯ ಹತ್ತಿರ ಹೋಗುತ್ತದೆ, ಬೆಂಚು ಮರದ್ದು. ಚಳಿಗಾಲದಲ್ಲಿ ಕೋಟು ತೆಗೆಯುವ ಯೋಚನೆ ಬೇಡ. ಕ್ರಿಸ್‌ಮಸ್ ಒರಾಟೋರಿಯೊ ಟಿಕೆಟ್ ತಗೊಳ್ಳುವಾಗ ಯಾವ ಭಾಗಗಳು ಅಂತ ಸರಿಯಾಗಿ ಓದಿ. ಬಹಳ ಕಡೆ 1ರಿಂದ 3 ಮಾತ್ರ ಹಾಡುತ್ತಾರೆ. ಮಟ್ಟಿನ ಎರಡೂ ರೂಪ ಕೇಳಬೇಕು ಅಂದರೆ ಆರನೇ ಭಾಗವೂ ಬೇಕು. ಅಕ್ಟೋಬರಿನಲ್ಲೇ ನೋಡಿಕೊಳ್ಳಿ, ಡಿಸೆಂಬರಿಗೆ ಬಿಟ್ಟರೆ ಕಂಬದ ಹಿಂದಿನ ಸೀಟೂ ಉಳಿಯುವುದಿಲ್ಲ.