ಬಿಕಿನಿ ಲೈನ್, ಫುಲ್ ಬಿಕಿನಿ, ಬ್ರೆಜಿಲಿಯನ್, ಹಾಲಿವುಡ್: ಮೊದಲ ಸಲಕ್ಕೆ ಯಾವುದು ಸರಿ?

ನೀವು ಕೇಳಿದ್ದು ಇಷ್ಟು: ಇರುವುದು ಉಡುಪಿಯಲ್ಲಿ, ಮದುವೆಗೆ ಇನ್ನು ಎರಡು ತಿಂಗಳು ಉಂಟು, ಆಮೇಲೆ ಒಂದು ವಾರ ಬೀಚ್ ಕಡೆ ತಿರುಗಾಟ. ಇಷ್ಟರವರೆಗೆ ರೇಜರ್ ಬಿಟ್ಟರೆ ಬೇರೇನೂ ಮುಟ್ಟಿದವರಲ್ಲ. ಪಾರ್ಲರಿನ ರೇಟ್ ಕಾರ್ಡಿನಲ್ಲಿ ಗುಪ್ತಾಂಗದ ಕೂದಲು ತೆಗೆಯುವ ವ್ಯಾಕ್ಸಿಂಗಿಗೆ ನಾಲ್ಕು ಹೆಸರು ನೋಡಿ ಯಾವುದು ಮಾಡಿಸುವುದೆಂದು ತಿಳಿಯುತ್ತಿಲ್ಲ.

ಮಂಗಳೂರಿನಲ್ಲಿ ಇದೇ ಕೆಲಸ ಮಾಡುವ ಬ್ಯೂಟಿಷಿಯನ್ ನಾನು. ಉತ್ತರ ಮೊದಲೇ ಹೇಳ್ತೇನೆ. ನಿಮಗೆ ಬಿಕಿನಿ ಲೈನ್ ಸಾಕು, ಅದೂ ಹಾರ್ಡ್ ವ್ಯಾಕ್ಸಿನಲ್ಲಿ, ಅಂದರೆ ಬಟ್ಟೆ ಅಂಟಿಸದೆ ಎಳೆಯುವ ದಪ್ಪ ವ್ಯಾಕ್ಸಿನಲ್ಲಿ. ಒಳಗಿನ ಕೂದಲನ್ನು ಟ್ರಿಮ್ಮರಿನಲ್ಲಿ ಗಿಡ್ಡ ಮಾಡಿಕೊಳ್ಳಿ. ಇನ್ನೂ ಹೆಚ್ಚು ಬೇಕೇ ಬೇಕು ಅಂತಿದ್ದರೆ ಮುಂಭಾಗ ಮಾತ್ರ ತೆಗೆಸುವ ಫುಲ್ ಬಿಕಿನಿ. ಬ್ರೆಜಿಲಿಯನ್ ಮತ್ತು ಹಾಲಿವುಡ್ ಎರಡನ್ನೂ ಮದುವೆಯ ಗಡಿಬಿಡಿ ಮುಗಿದ ಮೇಲೆ, ಪುರುಸೊತ್ತಿನಲ್ಲಿ ಯೋಚಿಸಿ.

ಹೆಸರು ನೋಡಿ ಆರಿಸಬೇಡಿ. ಎಲ್ಲಿಂದ ಎಲ್ಲಿಯವರೆಗೆ ತೆಗೆಯುತ್ತೀರಿ ಅಂತ ಕೇಳಿ ಆರಿಸಿ. ಬಿಕಿನಿ ಲೈನ್ ಅಂದರೆ ಪ್ಯಾಂಟಿ ಹಾಕಿಕೊಂಡೇ ಇರುತ್ತೀರಿ, ಅದರ ಅಂಚಿನಿಂದ ಹೊರಗೆ ತೊಡೆಸಂದಿನಲ್ಲಿ ಕಾಣುವ ಕೂದಲು, ಹೆಚ್ಚೆಂದರೆ ಒಂದು ಬೆರಳಿನಷ್ಟು ಒಳಗೆ. ಹತ್ತು ಹದಿನೈದು ನಿಮಿಷದ ಕೆಲಸ. ಫುಲ್ ಬಿಕಿನಿಗೆ ಪ್ಯಾಂಟಿ ತೆಗೆಯಬೇಕು. ಕಿಬ್ಬೊಟ್ಟೆಯ ಕೆಳಗಿನಿಂದ ಎರಡೂ ಬದಿ ಒಳಗೆ ಬಂದು ನಡುವೆ ಒಂದು ಪಟ್ಟಿಯನ್ನೋ ತ್ರಿಕೋನವನ್ನೋ ಬಿಡುತ್ತಾರೆ, ಹಿಂಭಾಗ ಮುಟ್ಟುವುದಿಲ್ಲ. ಕೆಲವು ಕಡೆ ಇದಕ್ಕೇ ಫ್ರೆಂಚ್ ಅನ್ನುತ್ತಾರೆ. ಬ್ರೆಜಿಲಿಯನ್‌ನಲ್ಲಿ ಯೋನಿಯ ಹೊರ ತುಟಿಗಳು, ಅಲ್ಲಿಂದ ಹಿಂದಕ್ಕೆ ಗುದದ್ವಾರದ ಸುತ್ತ, ಎಲ್ಲವೂ ಬರುತ್ತದೆ. ಮುಂದೆ ಸಣ್ಣ ಪಟ್ಟಿ ಬಿಡಬಹುದು, ಬಿಡದೆಯೂ ಇರಬಹುದು. ಹಾಲಿವುಡ್ ಅಂದರೆ ಒಂದೂ ಉಳಿಯುವುದಿಲ್ಲ. ಬ್ರೆಜಿಲಿನ ಏಳು ಸಹೋದರಿಯರು ನ್ಯೂಯಾರ್ಕಿನಲ್ಲಿ 1987ರಲ್ಲಿ ತೆರೆದ ಜೆ ಸಿಸ್ಟರ್ಸ್ ಸಲೂನ್‌ನಿಂದ ಬ್ರೆಜಿಲಿಯನ್ ಶೈಲಿ ಜನಪ್ರಿಯವಾಯಿತು, ಅಲ್ಲಿಂದೀಚೆಗೆ ಊರೂರಿನಲ್ಲಿ ಅದರ ಗಡಿ ಬದಲಾಗುತ್ತಾ ಬಂದಿದೆ. ನಮ್ಮಲ್ಲಿಯೂ ಒಂದು ಪಾರ್ಲರಿನ ಬ್ರೆಜಿಲಿಯನ್ ಇನ್ನೊಂದು ಪಾರ್ಲರಿನ ಹಾಲಿವುಡ್. ಹಾಗಾಗಿ ಫೋನಿನಲ್ಲೇ "ಹಿಂದೆಯೂ ಉಂಟಾ? ಮುಂದೆ ಪಟ್ಟಿ ಬಿಡ್ತೀರಾ?" ಅಂತ ಕೇಳಿ, ನಾಚಿಕೆ ಬೇಡ. ಮಲಗಿದ ಮೇಲೆ ಕೇಳಿದರೆ ತಡವಾಗುತ್ತದೆ.

ಯಾವ ಶೈಲಿಯಾದರೂ ಒಳ ತುಟಿಗಳಿಗೆ ವ್ಯಾಕ್ಸ್ ತಾಗಬಾರದು. ಅಲ್ಲಿ ಕೂದಲೇ ಬೆಳೆಯುವುದಿಲ್ಲ, ಬಿಸಿ ವ್ಯಾಕ್ಸ್ ಬಿದ್ದರೆ ಚರ್ಮ ಸುಲಭವಾಗಿ ಕಿತ್ತು ಬರುತ್ತದೆ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳಬೇಕು. ಕೂದಲು ತೆಗೆದರೆ ಶುಚಿ, ಇಟ್ಟರೆ ಕೊಳಕು ಅನ್ನುವುದಕ್ಕೆ ವೈದ್ಯಕೀಯ ಆಧಾರ ಇಲ್ಲ. ಚರ್ಮಕ್ಕೆ ಚರ್ಮ ಉಜ್ಜದಂತೆ ತಡೆಯುವ ಕೆಲಸ ಆ ಕೂದಲಿನದ್ದು. ನಿಮಗೆ ಬೇಕು ಅನಿಸಿದರೆ ಮಾಡಿಸಿ. ಮದುಮಗಳು ಮಾಡಿಸಲೇಬೇಕು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಧಾರೆಯ ದಿನ ನೆನಪಿಟ್ಟುಕೊಳ್ಳಿ: ನಮ್ಮ ಕರಾವಳಿಯ ಸೆಖೆ, ಬಿಗಿಯಾಗಿ ಕಟ್ಟಿದ ಲಂಗ, ರೇಷ್ಮೆ ಸೀರೆ, ಗಂಟೆಗಟ್ಟಲೆ ಕೂತಿರುವುದು. ಕೂದಲಿಲ್ಲದ ತೊಡೆಸಂದು, ಹೊರ ತುಟಿಗಳು ಬೆವರಿನಲ್ಲಿ ಒಂದಕ್ಕೊಂದು ಉಜ್ಜಿ ಉರಿಯಲಿಕ್ಕೆ ಶುರುವಾಗುತ್ತದೆ. ಇದು ಮೊದಲ ಸಲ ಪೂರ್ತಿ ತೆಗೆಸಿದವರಿಗೆ ಹೆಚ್ಚು. ನಾನು ನಿಮಗೆ ಸಣ್ಣ ಜಾಗವನ್ನೇ ಹೇಳುತ್ತಿರುವುದಕ್ಕೆ ದೊಡ್ಡ ಕಾರಣ ಇದೇ.

ಈಗ ದಿನಾಂಕದ ಲೆಕ್ಕ. ರೇಜರ್ ಇವತ್ತೇ ನಿಲ್ಲಿಸಿ. ಕೂದಲು ಒಂದು ಅಕ್ಕಿಕಾಳಿನಷ್ಟು, ಅಂದರೆ ಸುಮಾರು 6 ಮಿಲಿಮೀಟರ್ ಬೆಳೆಯಬೇಕು. ಅದಕ್ಕೆ ಎರಡರಿಂದ ಮೂರು ವಾರ ಬೇಕಾಗುತ್ತದೆ. ಅದಕ್ಕಿಂತ ಗಿಡ್ಡ ಇದ್ದರೆ ವ್ಯಾಕ್ಸಿಗೆ ಹಿಡಿತ ಸಿಗುವುದಿಲ್ಲ. 12 ಮಿಲಿಮೀಟರಿಗಿಂತ ಉದ್ದ ಇದ್ದರೆ ಅನಾವಶ್ಯಕ ನೋವು, ಹಾಗಿದ್ದಾಗ ಕತ್ತರಿಸಿಯೇ ಹಚ್ಚಬೇಕು. ಮೂರನೇ ವಾರದ ಕೊನೆಗೆ ಮೊದಲ ವ್ಯಾಕ್ಸಿಂಗ್, ಅದಾಗಿ ನಾಲ್ಕು ವಾರಕ್ಕೆ ಎರಡನೆಯದು. ಎರಡನೆಯದಕ್ಕೂ ಮದುವೆಗೂ ನಡುವೆ ಕಡಿಮೆಯೆಂದರೂ ಐದಾರು ದಿನ ಉಳಿಯಲಿ. ಮೊದಲ ಸಲ ಮಾಡಿಸಿದ ಜಾಗವನ್ನೇ ಎರಡನೇ ಸಲವೂ ಮಾಡಿಸಿ, ಮದುವೆಯ ವಾರದಲ್ಲಿ ಹೊಸ ಜಾಗಕ್ಕೆ ಕೈ ಹಾಕಬೇಡಿ. ಮೊದಲ ಸಲ ಕೂದಲು ಎರಡನೇ ವಾರಕ್ಕೇ ಅಲ್ಲಲ್ಲಿ ಮೊಳೆತರೆ ಕೆಲಸ ಕೆಟ್ಟಿತು ಅಂದುಕೊಳ್ಳಬೇಡಿ. ಎಲ್ಲಾ ಕೂದಲೂ ಒಟ್ಟಿಗೆ ಬೆಳೆಯುವುದಿಲ್ಲ, ಅವತ್ತು ಚರ್ಮದ ಒಳಗೇ ಇದ್ದದ್ದು ಈಗ ಹೊರಬಂದಿದೆ ಅಷ್ಟೆ. ಮಧ್ಯದಲ್ಲಿ ರೇಜರ್ ಹಾಕಿದರೆ ಮಾತ್ರ ಲೆಕ್ಕ ಎಲ್ಲ ತಪ್ಪುತ್ತದೆ.

ಮುಟ್ಟಿನ ದಿನವನ್ನೂ ಜೊತೆಗೆ ನೋಡಿ. ಮುಟ್ಟಿಗೆ ಎರಡು ಮೂರು ದಿನ ಮೊದಲು ಮತ್ತು ಮುಟ್ಟಿನ ಸಮಯದಲ್ಲಿ ನೋವು ಹೆಚ್ಚು, ಮುಗಿದ ನಂತರದ ವಾರ ಒಳ್ಳೆಯದು. ನಿಮಗೆ ಪ್ಯಾರಾಸಿಟಮಾಲ್ ಆಗುತ್ತದೆ ಅಂತಾದರೆ ಮುಕ್ಕಾಲು ಗಂಟೆ ಮೊದಲು 500 ಮಿಲಿಗ್ರಾಂ ತೆಗೆದುಕೊಳ್ಳಬಹುದು. ಮರಗಟ್ಟಿಸುವ ಲಿಡೋಕೇನ್ ಕ್ರೀಮನ್ನು ಸ್ವಂತ ಬುದ್ಧಿಯಿಂದ ದಪ್ಪಗೆ ಬಳಿದು ಪ್ಲಾಸ್ಟಿಕ್ ಸುತ್ತಬೇಡಿ. ಆ ಜಾಗದ ಚರ್ಮ ತೆಳು, ಔಷಧ ರಕ್ತಕ್ಕೆ ಬೇಗ ಸೇರುತ್ತದೆ.

ಯಾರು ಮಾಡಿಸಲೇಬಾರದು ಅನ್ನುವುದು ನಮ್ಮ ಊರಿಗೆ ಬಹಳ ಮುಖ್ಯ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಅರೆ ಹಸಿ ಒಳಉಡುಪು ಹಾಕಿಕೊಂಡು ತೊಡೆಸಂದಿನಲ್ಲಿ ಹುಳಕಡ್ಡಿ ಬರುವುದು ಇಲ್ಲಿ ಸಾಮಾನ್ಯ. ಉಂಗುರದ ಹಾಗೆ ಅಂಚು ಕೆಂಪಾಗಿ ತುರಿಸುವ ಕಲೆ ಇದ್ದರೆ ವ್ಯಾಕ್ಸ್ ಮಾಡಿಸಬೇಡಿ, ಪಕ್ಕದ ಚರ್ಮಕ್ಕೂ ಹರಡುತ್ತದೆ. ಅದಕ್ಕಿಂತ ಅಪಾಯ, ತುರಿಕೆಗೆಂದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದು ಹಚ್ಚುವ ಮಿಶ್ರ ಕ್ರೀಮುಗಳು. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್ ಅಥವಾ ಬೆಟಾಮೆಥಾಸೋನ್ ಅಂತ ಬರೆದಿದ್ದರೆ ಅದು ಸ್ಟೀರಾಯ್ಡ್. ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ವ್ಯಾಕ್ಸ್ ಎಳೆದಾಗ ಕೂದಲಿನ ಜೊತೆ ಮೇಲ್ಚರ್ಮವೂ ಬರುತ್ತದೆ. ಹಚ್ಚುತ್ತಿದ್ದರೆ ಮುಚ್ಚಿಡದೆ ಹೇಳಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಿನ್ನುವವರು ಅದು ನಿಲ್ಲಿಸಿ ಆರು ತಿಂಗಳಾಗುವವರೆಗೆ ವ್ಯಾಕ್ಸ್ ಮಾಡಿಸಬಾರದು. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ನೀರುಗುಳ್ಳೆ, ಗಂಟು, ಗಾಯ ಏನಿದ್ದರೂ ಆ ದಿನ ಬೇಡ.

ವ್ಯಾಕ್ಸಿನ ವಿಷಯ. ಕೈಕಾಲಿಗೆ ಹಚ್ಚುವ ಹನಿ ವ್ಯಾಕ್ಸ್, ರಿಕಾ ಎಲ್ಲ ಸ್ಟ್ರಿಪ್ ವ್ಯಾಕ್ಸ್: ತೆಳ್ಳಗೆ ಹಚ್ಚಿ ಬಟ್ಟೆ ಅಂಟಿಸಿ ಎಳೆಯುವುದು. ಅದು ಕೂದಲನ್ನು ಹಿಡಿಯುವಷ್ಟೇ ಚರ್ಮವನ್ನೂ ಹಿಡಿಯುತ್ತದೆ. ಹಾರ್ಡ್ ವ್ಯಾಕ್ಸ್ ಆರುತ್ತಾ ಕೂದಲಿನ ಸುತ್ತ ಬಿಗಿಯುತ್ತದೆ, ಚರ್ಮವನ್ನು ಅಷ್ಟು ಹಿಡಿಯುವುದಿಲ್ಲ; ಸ್ಟ್ರಿಪ್ ಬೇಡ, ಅದನ್ನೇ ಎತ್ತಿ ಎಳೆಯುತ್ತಾರೆ. ಇದಕ್ಕೆ ಕೆಲವರು ಕಟೋರಿ ವ್ಯಾಕ್ಸ್, ಬೀನ್ಸ್ ವ್ಯಾಕ್ಸ್ ಅನ್ನುತ್ತಾರೆ. ತೊಡೆಯ ಹತ್ತಿರದ ಅಂಚಿಗೆ ಒಳ್ಳೆಯ ಸ್ಟ್ರಿಪ್ ವ್ಯಾಕ್ಸ್ ನಡೆಯುತ್ತದೆ, ಒಳಗೆ ಹೋದಂತೆ ಹಾರ್ಡ್ ವ್ಯಾಕ್ಸೇ ಬೇಕು. ಸ್ಟ್ರಿಪ್ ವ್ಯಾಕ್ಸನ್ನು ಒಂದೇ ಜಾಗಕ್ಕೆ ಎರಡನೇ ಸಲ ಹಚ್ಚಬಾರದು. ಉಳಿದ ನಾಲ್ಕು ಕೂದಲನ್ನು ಚಿಮಟದಲ್ಲಿ ತೆಗೆಯಲಿ. ಸಕ್ಕರೆ, ಲಿಂಬೆಹಣ್ಣು ಕುದಿಸಿ ಮನೆಯಲ್ಲೇ ಮಾಡುವ ವ್ಯಾಕ್ಸ್ ಕೈಗೆ ಸರಿ, ಈ ಜಾಗಕ್ಕೆ ಬೇಡ. ಸಕ್ಕರೆ ಪಾಕ ಒಳಗೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಸುಟ್ಟರೆ ಆಳವಾಗಿ ಸುಡುತ್ತದೆ.

ಮೇಜಿನ ಮೇಲೆ ಮಲಗಿದಾಗ ಇದನ್ನೆಲ್ಲ ನೀವೇ ಗಮನಿಸಬಹುದು. ಬ್ಯೂಟಿಷಿಯನ್ ಹೊಸ ಗ್ಲೌಸ್ ಹಾಕಿರಬೇಕು, ಹಾಸು ಒಬ್ಬರಿಗೆ ಒಂದು. ಮರದ ಕಡ್ಡಿ ಒಮ್ಮೆ ಚರ್ಮಕ್ಕೆ ತಾಗಿದರೆ ಮತ್ತೆ ಡಬ್ಬಕ್ಕೆ ಹೋಗಬಾರದು. ವ್ಯಾಕ್ಸ್ ಬಿಸಿ ಇದೆ, ಕ್ರಿಮಿ ಸಾಯುತ್ತದೆ ಅಂತ ಹೇಳಿದರೆ ನಂಬಬೇಡಿ. ಚರ್ಮಕ್ಕೆ ಹಚ್ಚುವಷ್ಟು ಬಿಸಿಯಲ್ಲಿ ಕ್ರಿಮಿ ಸಾಯುವುದಿಲ್ಲ. ಹೊಸ ಕಡ್ಡಿ ಬಳಸಲು ಒಪ್ಪದಿದ್ದರೆ ಎದ್ದು ಬನ್ನಿ.

ಮೊದಲು ಜಾಗ ಒರೆಸಿ ಒಣಗಿಸುತ್ತಾರೆ. ಸೆಖೆಗೆ ಬೆವರಿದ್ದರೆ ವ್ಯಾಕ್ಸ್ ಜಾರುತ್ತದೆ, ಕೂದಲು ಉಳಿಯುತ್ತದೆ; ಸ್ವಲ್ಪವೇ ಪೌಡರ್ ಉದುರಿಸಿ ಒರೆಸಿದರೆ ಸಾಕು. ಅವತ್ತು ಮನೆಯಿಂದ ತೆಂಗಿನೆಣ್ಣೆ ಹಚ್ಚಿಕೊಂಡು ಹೋಗಬೇಡಿ, ಅದೂ ಹಿಡಿತ ತಪ್ಪಿಸುತ್ತದೆ. ಬಿಸಿಯನ್ನು ಮೊದಲು ಅವರ ಮಣಿಕಟ್ಟಿನ ಒಳಗೆ, ಆಮೇಲೆ ನಿಮ್ಮ ತೊಡೆಯಲ್ಲಿ ನೋಡಬೇಕು. ಕಡ್ಡಿ ಎತ್ತಿದರೆ ವ್ಯಾಕ್ಸ್ ದಪ್ಪ ಎಳೆಯಾಗಿ ಇಳಿಯಬೇಕು, ನೀರಾಗಿ ತೊಟ್ಟಿಕ್ಕಿದರೆ ಬಿಸಿ ಹೆಚ್ಚು. ಒಂದು ಸಲಕ್ಕೆ ಹಚ್ಚುವುದು ಎರಡು ಬೆರಳಗಲ, ಎರಡು ಮೂರು ಇಂಚು ಉದ್ದ, ಸುಮಾರು 2 ಮಿಲಿಮೀಟರ್ ದಪ್ಪ. ಎಳೆಯುವ ತುದಿಯಲ್ಲಿ ಇನ್ನೂ ಸ್ವಲ್ಪ ದಪ್ಪ. ತೆಳ್ಳಗಾದರೆ ಎಳೆಯುವಾಗ ತುಂಡಾಗುತ್ತದೆ, ಪೂರ್ತಿ ಆರಲಿಕ್ಕೆ ಬಿಟ್ಟರೆ ಬಿರಿಯುತ್ತದೆ. ಮುಟ್ಟಿದರೆ ಅಂಟದೆ, ಬಗ್ಗಿಸಿದರೆ ಬಗ್ಗುವ ಹೊತ್ತಿಗೆ ಎಳೆಯಬೇಕು.

ಎಳೆಯುವುದು ಕೂದಲು ಮಲಗಿದ ದಿಕ್ಕಿಗೆ ಎದುರಾಗಿ, ಚರ್ಮಕ್ಕೆ ಸಮಾನಾಂತರವಾಗಿ, ಒಂದೇ ಏಟಿಗೆ. ಮೇಲಕ್ಕೆ ಎತ್ತಿದರೆ ಕೂದಲು ಬುಡದಿಂದ ಬರುವುದಿಲ್ಲ, ಚರ್ಮದ ಮಟ್ಟದಲ್ಲೇ ತುಂಡಾಗುತ್ತದೆ, ರಕ್ತ ಹೆಪ್ಪುಗಟ್ಟಿ ನೀಲಿ ಕಲೆ ಆಗುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಕೆಲಸ ಒಂದುಂಟು: ಮಂಡಿ ಮಡಚಿ ಹೊರಕ್ಕೆ ಬಿಟ್ಟು, ಅವರು ತೋರಿಸಿದ ಕಡೆ ಚರ್ಮವನ್ನು ಅಂಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿಯಿರಿ. ಸಡಿಲ ಬಿಟ್ಟರೆ ನೋವು ಜಾಸ್ತಿ. ಕಿತ್ತ ಕೂಡಲೇ ಆ ಜಾಗವನ್ನು ಕೈಯಿಂದ ಒತ್ತಿ ಹಿಡಿದರೆ ಉರಿ ಇಳಿಯುತ್ತದೆ. ಎಷ್ಟಾದರೂ ನಡುವೆ ನಿಲ್ಲಿಸಲು ಹೇಳುವ ಹಕ್ಕು ನಿಮಗುಂಟು. ಒಂದು ಬದಿ ಮಾತ್ರ ಆಗಿ ಎದ್ದು ಬಂದರೂ ಏನೂ ಮುಳುಗುವುದಿಲ್ಲ, ಇನ್ನೊಂದು ಬದಿ ಟ್ರಿಮ್ ಮಾಡಿದರಾಯಿತು.

ಉಳಿದ ವ್ಯಾಕ್ಸ್ ನೀರಿಗೆ ಹೋಗುವುದಿಲ್ಲ, ಎಣ್ಣೆಗೆ ಹೋಗುತ್ತದೆ; ಈಗ ತೆಂಗಿನೆಣ್ಣೆ ಎರಡು ಹನಿ ಬಳಸಬಹುದು. ಆದರೆ ಮದುವೆಯ ನಂತರ ನೆನಪಿರಲಿ, ಎಣ್ಣೆ ತಾಗಿದರೆ ಲೇಟೆಕ್ಸ್ ಕಾಂಡೋಮ್ ದುರ್ಬಲವಾಗಿ ಹರಿಯುತ್ತದೆ.

ಮುಂದಿನ 48 ಗಂಟೆ ಕೂದಲ ರಂಧ್ರಗಳು ತೆರೆದಿರುತ್ತವೆ, ಕಣ್ಣಿಗೆ ಕಾಣದ ಸಣ್ಣ ಗೀರುಗಳಿರುತ್ತವೆ. ಸಂಭೋಗ, ಜಿಮ್, ಬಿಗಿ ಜೀನ್ಸ್, ತೀರಾ ಬಿಸಿ ನೀರು, ಸೆಂಟು, ಡಿಯೊ ಎಲ್ಲ ಬೇಡ. ಮಲ್ಪೆಯ ಸಮುದ್ರವೂ ಬೇಡ, ಈಜುಕೊಳವೂ ಬೇಡ. ಉಪ್ಪುನೀರು ಉರಿಸುತ್ತದೆ, ಮರಳು ಉಜ್ಜುತ್ತದೆ. ಒಳಉಡುಪು ಹತ್ತಿಯದ್ದಾಗಿರಲಿ, ಸಡಿಲವಿರಲಿ. ಮಳೆಗಾಲವಾದರೆ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿಯೇ ಹಾಕಿಕೊಳ್ಳಿ. ಉರಿ ಇದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಅಥವಾ ವಾಸನೆ ಇಲ್ಲದ ಲೋಳೆಸರ ಜೆಲ್.

ನಾಲ್ಕನೇ ದಿನದಿಂದ, ವಾರಕ್ಕೆ ಎರಡು ಸಲ, ಸ್ನಾನದಲ್ಲಿ ಒದ್ದೆ ಬಟ್ಟೆಯಿಂದ ಹಗುರವಾಗಿ ಉಜ್ಜಿ. ಗುಂಗುರು, ದಪ್ಪ ಕೂದಲು ಇದ್ದವರಿಗೆ ಹೊಸ ಕೂದಲು ಹೊರಗೆ ಬರುವ ಬದಲು ಬಗ್ಗಿ ಚರ್ಮದ ಒಳಗೇ ಬೆಳೆದು ಗುಳ್ಳೆ ಆಗುತ್ತದೆ. ಆ ಗುಳ್ಳೆಯನ್ನು ಉಗುರಿನಲ್ಲಿ, ಸೂಜಿಯಲ್ಲಿ ಕೆದಕಬೇಡಿ. ನಮ್ಮ ಮೈಬಣ್ಣಕ್ಕೆ ಗುಳ್ಳೆಗಿಂತ ಅದು ಬಿಟ್ಟು ಹೋಗುವ ಕಪ್ಪು ಕಲೆ ಹೆಚ್ಚು ದಿನ ನಿಲ್ಲುತ್ತದೆ. ಬೆಚ್ಚಗಿನ ನೀರಿನ ಬಟ್ಟೆ ದಿನಕ್ಕೆ ಎರಡು ಸಲ ಹತ್ತು ನಿಮಿಷ ಇಟ್ಟರೆ ಹೆಚ್ಚಿನವು ತಾನಾಗಿ ಇಳಿಯುತ್ತವೆ. ಸ್ಯಾಲಿಸಿಲಿಕ್ ಆಸಿಡ್ ಇರುವ ಲೋಷನ್ ತೊಡೆಸಂದಿನ ಹೊರ ಚರ್ಮಕ್ಕೆ ಮಾತ್ರ, ಒಳಗೆ ಹಚ್ಚಬೇಡಿ.

ಮೊದಲ ದಿನ ಸಣ್ಣ ಕೆಂಪು ಚುಕ್ಕೆಗಳು ಸಹಜ. ಮೂರನೇ ದಿನಕ್ಕೂ ಕೆಂಪು ಹರಡುತ್ತಿದ್ದರೆ, ಕೀವು ತುಂಬಿದರೆ, ಮುಟ್ಟಿದರೆ ಬಿಸಿಯಾಗಿದ್ದರೆ ಅಥವಾ ಜ್ವರ ಬಂದರೆ ಪಾರ್ಲರಿಗೆ ಫೋನ್ ಮಾಡುತ್ತಾ ಕೂರಬೇಡಿ, ಅವತ್ತೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ವ್ಯಾಕ್ಸಿಂಗ್ ಆಗಿದೆ ಅಂತ ಅವರಿಗೆ ಮೊದಲೇ ಹೇಳಿ.